ಓದುಗರ ಪ್ರಶ್ನೆ: ಅಮೆರಿಕನ್ ಫುಟ್‌ಬಾಲ್‌ನಲ್ಲಿ ವಯಸ್ಸಾದ ಅಫೆನ್ಸಿವ್ ಲೈನನ್ನು (ಚೆಂಡು ಹೊಂದಿರುವ ತಂಡದ ಮುಂಸಾಲಿನ ಐವರನ್ನು) ಒಂದೇ ಸಲ ಬದಲಾಯಿಸಬೇಕಾ, ಒಬ್ಬೊಬ್ಬರನ್ನಾಗಿ ಬದಲಾಯಿಸಬೇಕಾ?

ಒಬ್ಬೊಬ್ಬರನ್ನಾಗಿ. ಅದೂ ಹಳಬರು ಇನ್ನೂ ಗಟ್ಟಿಯಾಗಿ ಆಡುತ್ತಿರುವಾಗಲೇ. ಐದೂ ಜನರನ್ನು ಒಂದೇ ಸಲ ಬದಲಾಯಿಸಿ ಗೆದ್ದ ತಂಡ ಅಮೆರಿಕದ ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನಲ್ಲಿ ಇದೆ, ಅದರ ಕತೆ ಕೆಳಗೆ ಹೇಳುತ್ತೇನೆ. ಆದರೆ ಆ ತಂಡ ಅದನ್ನು ಬೇಕೆಂದು ಮಾಡಲಿಲ್ಲ, ಬೇರೆ ದಾರಿ ಇಲ್ಲದೆ ಮಾಡಿತು.

ಮೊದಲು, ಈ ಐವರ ಕೆಲಸ ಯಾಕೆ ಅಷ್ಟು ಸೂಕ್ಷ್ಮ ಅಂತ ನೋಡೋಣ. ನಡುವೆ ಸೆಂಟರ್, ಅವನ ಎರಡೂ ಪಕ್ಕ ಗಾರ್ಡ್‌ಗಳು, ತುದಿಗಳಲ್ಲಿ ಟ್ಯಾಕಲ್‌ಗಳು. ಚೆಂಡು ಮುಟ್ಟುವವನು ಸೆಂಟರ್ ಒಬ್ಬನೇ. ಉಳಿದವರ ಕೆಲಸ ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್ ಮೇಲೆ ನುಗ್ಗುವವರನ್ನು ತಡೆಯುವುದು. ಈಗ ಎದುರಾಳಿಗಳಲ್ಲಿ ಇಬ್ಬರು ನುಗ್ಗುವಾಗ ಕತ್ತರಿಯ ಹಾಗೆ ದಾರಿ ಬದಲಾಯಿಸುತ್ತಾರೆ ಅಂದುಕೊಳ್ಳಿ. ಹೊರಗಿದ್ದವನು ಒಳಗೆ, ಒಳಗಿದ್ದವನು ಹೊರಗೆ. ಇದಕ್ಕೆ ಸ್ಟಂಟ್ ಅನ್ನುತ್ತಾರೆ. ಆಗ ಟ್ಯಾಕಲ್ ತಾನು ಹಿಡಿದವನನ್ನು ಗಾರ್ಡ್‌ಗೆ ಒಪ್ಪಿಸಿ, ಗಾರ್ಡ್ ಹಿಡಿದವನನ್ನು ತಾನು ತೆಗೆದುಕೊಳ್ಳಬೇಕು. ಮಾತಾಡಲು ಸಮಯವೇ ಇರುವುದಿಲ್ಲ. ಪಕ್ಕದವನ ಭುಜ ತಾಗಿದ ರೀತಿಯಲ್ಲೇ ಎಲ್ಲ ಗೊತ್ತಾಗಬೇಕು. ಇಂಥ ಹೊಂದಾಣಿಕೆ ದುಡ್ಡು ಕೊಟ್ಟ ತಕ್ಷಣ ಬರುವುದಿಲ್ಲ. ಒಟ್ಟಿಗೆ ಆಡಿ ಆಡಿ ಬರಬೇಕು.

ವಯಸ್ಸಾದಾಗ ಶಕ್ತಿ ಅಷ್ಟು ಬೇಗ ಹೋಗುವುದಿಲ್ಲ, ಹೋಗುವುದು ಕಾಲು. 140 ಕಿಲೋ ತೂಕದ ಮನುಷ್ಯ ಪಕ್ಕಕ್ಕೆ ಜಾರುತ್ತಾ ಹಿಂದಕ್ಕೆ ಸರಿಯಬೇಕು. ಅಲ್ಲಿ ಅರ್ಧ ಹೆಜ್ಜೆ ತಡವಾದರೂ ಮುಗೀತು. ಬೆನ್ನು, ಮಂಡಿ, ಹಿಮ್ಮಡಿ, ಇವು ಹೇಳಿ ಕೇಳಿ ಕೈಕೊಡುವುದಿಲ್ಲ. ಕಾನ್ಸಾಸ್ ಸಿಟಿ ಚೀಫ್ಸ್‌ನ ಬಲ ಟ್ಯಾಕಲ್ ಮಿಚೆಲ್ ಶ್ವಾರ್ಟ್ಸ್ 2012ರಿಂದ 2019ರ ನವೆಂಬರ್‌ವರೆಗೆ ಒಂದನ್ನೂ ಬಿಡದೆ ಸತತ 7,894 ಸ್ನ್ಯಾಪ್ (ಚೆಂಡು ಹಿಂದಕ್ಕೆ ಕೊಟ್ಟು ಶುರುವಾಗುವ ಒಂದೊಂದು ಆಟ) ಆಡಿದ್ದರು. ಮರುವರ್ಷ ಬೆನ್ನು ನೋವು ಅವರನ್ನು ಕೂರಿಸಿತು. 2021ರ ಜನವರಿಯಲ್ಲಿ ಎಡ ಟ್ಯಾಕಲ್ ಎರಿಕ್ ಫಿಶರ್ ಅವರ ಹಿಮ್ಮಡಿಯ ಆಕಿಲಿಸ್ ಸ್ನಾಯುರಜ್ಜು ಹರಿಯಿತು. ಸೂಪರ್ ಬೌಲ್‌ಗೆ ಎರಡೇ ವಾರ ಉಳಿದಿತ್ತು.

ಆ ಫೈನಲ್ ನಮ್ಮಲ್ಲಿ ಸೋಮವಾರ ಬೆಳಗಿನ ಜಾವ 5 ಗಂಟೆಗೆ ಬಂತು. ಬಲಗಡೆ ಆಡುತ್ತಿದ್ದ ಮೈಕ್ ರೆಮ್ಮರ್ಸ್ ಎಡಕ್ಕೆ ಬಂದಿದ್ದರು, ಗಾರ್ಡ್ ಆಗಿದ್ದ ಆಂಡ್ರ್ಯೂ ವೈಲಿ ಬಲ ಟ್ಯಾಕಲ್ ಜಾಗಕ್ಕೆ. ಎದುರಾಳಿ ಟ್ಯಾಂಪಾ ಬೇ ತಂಡ ಹೆಚ್ಚಾಗಿ ನಾಲ್ಕೇ ಜನರನ್ನು ನುಗ್ಗಿಸಿತು. ಅಷ್ಟೇ ಸಾಕಾಯಿತು. ಚೀಫ್ಸ್ ಕ್ವಾರ್ಟರ್‌ಬ್ಯಾಕ್ ಪ್ಯಾಟ್ರಿಕ್ ಮಹೋಮ್ಸ್ ಪಂದ್ಯವಿಡೀ ಜೀವ ಉಳಿಸಿಕೊಳ್ಳಲು ಓಡಿದರು. ಒಂದು ಸಲವಂತೂ ಬೀಳುತ್ತಾ, ಮೈ ನೆಲಕ್ಕೆ ಸಮಾನಾಂತರವಾಗಿ ಗಾಳಿಯಲ್ಲಿರುವಾಗಲೇ ಚೆಂಡು ಎಸೆದರು. ಅದು ಅಂಕ ಸಿಗುವ ಎಂಡ್ ಝೋನ್‌ನಲ್ಲಿದ್ದ ಡ್ಯಾರೆಲ್ ವಿಲಿಯಮ್ಸ್ ಅವರ ಹೆಲ್ಮೆಟ್ಟಿನ ಮುಂಭಾಗಕ್ಕೆ ಬಡಿದು ಕೆಳಗೆ ಬಿತ್ತು. ಆಟ ಮುಗಿದಾಗ ಟ್ಯಾಂಪಾ ಬೇ 31, ಚೀಫ್ಸ್ 9. ಅಷ್ಟು ಒಳ್ಳೆ ಎಸೆತ ಹಾಗೆ ವ್ಯರ್ಥವಾದದ್ದು ನೆನೆದರೆ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ.

ಮುಂದಿನ ತಿಂಗಳೇ ಫಿಶರ್, ಶ್ವಾರ್ಟ್ಸ್ ಇಬ್ಬರನ್ನೂ ಬಿಟ್ಟುಕೊಟ್ಟರು. ಕೋವಿಡ್‌ನಿಂದಾಗಿ ಪ್ರತಿ ತಂಡದ ಒಟ್ಟು ಸಂಬಳದ ಮಿತಿ 19.82 ಕೋಟಿ ಡಾಲರ್‌ನಿಂದ 18.25 ಕೋಟಿಗೆ ಇಳಿದಿದ್ದ ವರ್ಷ ಅದು. ಆದರೂ ಜೋ ಥೂನಿ ಎಂಬ ಗಾರ್ಡ್‌ಗೆ 5 ವರ್ಷಕ್ಕೆ 8 ಕೋಟಿ ಡಾಲರ್ ಕೊಟ್ಟರು. ಹೊಸ ಆಟಗಾರರನ್ನು ತಂಡಗಳು ಸರದಿಯಂತೆ ಆರಿಸಿಕೊಳ್ಳುವ ಡ್ರಾಫ್ಟ್‌ನಲ್ಲಿ ತಮ್ಮ ಮೊದಲ ಸುತ್ತಿನ ಆಯ್ಕೆ ಬಿಟ್ಟುಕೊಟ್ಟು ಬಾಲ್ಟಿಮೋರ್‌ನಿಂದ ಓರ್ಲ್ಯಾಂಡೊ ಬ್ರೌನ್ ಜೂನಿಯರ್ ಅವರನ್ನು ತಂದರು. ಆದರೆ ನನ್ನ ಪ್ರಕಾರ ನಿಜವಾದ ಜಾಣತನ ಇರುವುದು ಅಗ್ಗವಾಗಿ ಸಿಕ್ಕವರಲ್ಲಿ. ಸೆಂಟರ್ ಕ್ರೀಡ್ ಹಂಫ್ರಿ 63ನೇ ಆಯ್ಕೆ. ಗಾರ್ಡ್ ಟ್ರೇ ಸ್ಮಿತ್ 226ನೆಯವರು. ಕಾಲೇಜಿನಲ್ಲಿದ್ದಾಗ ಅವರ ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಅದಕ್ಕೇ ಬೇರೆ ತಂಡಗಳು ಹಿಂಜರಿದವು. 2021ರ ಮೊದಲ ಪಂದ್ಯಕ್ಕೆ ಇಳಿದಾಗ ಐದೂ ಜಾಗದಲ್ಲಿ ಹೊಸ ಮುಖ. 2023ರ ಫೆಬ್ರವರಿಯ ಸೂಪರ್ ಬೌಲ್‌ನಲ್ಲಿ ಎದುರಿಗಿದ್ದದ್ದು ಆ ಸೀಸನ್‌ನಲ್ಲಿ 70 ಸ್ಯಾಕ್ (ಚೆಂಡು ಎಸೆಯುವ ಮೊದಲೇ ಕ್ವಾರ್ಟರ್‌ಬ್ಯಾಕನ್ನು ಕೆಡವುವುದು) ಮಾಡಿದ್ದ ಫಿಲಡೆಲ್ಫಿಯಾ ಈಗಲ್ಸ್. ಅವತ್ತು ಮಹೋಮ್ಸ್ ಅವರನ್ನು ಅವರು ಒಂದು ಸಲವೂ ಸ್ಯಾಕ್ ಮಾಡಲಾಗಲಿಲ್ಲ. ಚೀಫ್ಸ್ 38-35ರಿಂದ ಗೆದ್ದಿತು.

ಹಾಗಾದರೆ ಒಂದೇ ಸಲ ಬದಲಾಯಿಸುವುದೇ ಸರಿ ಅಲ್ವಾ ಅಂತ ನೀವು ಕೇಳಬಹುದು. ಒಂದೇ ಬೇಸಿಗೆಯಲ್ಲಿ ಹಂಫ್ರಿಯೂ ಸ್ಮಿತ್ತೂ ಸಿಗುವುದು ತೀರಾ ಅಪರೂಪ. ಅದನ್ನು ನಂಬಿಕೊಂಡು ಲೆಕ್ಕ ಹಾಕಲು ಬರುವುದಿಲ್ಲ.

ಅವತ್ತು ಸೋತ ಈಗಲ್ಸ್ ದಾರಿ ಬೇರೆ. ನಮ್ಮ ರೈತರು ಹೊಸ ಎತ್ತನ್ನು ಪಳಗಿದ ಎತ್ತಿನ ಜೊತೆ ನೊಗಕ್ಕೆ ಕಟ್ಟುತ್ತಾರಲ್ಲ, ಹಾಗೆ. ಸೆಂಟರ್ ಜೇಸನ್ ಕೆಲ್ಸಿ ಇನ್ನೂ ಅದ್ಭುತವಾಗಿ ಆಡುತ್ತಿರುವಾಗಲೇ, 2022ರಲ್ಲಿ, ಎರಡನೇ ಸುತ್ತಿನಲ್ಲಿ ಕ್ಯಾಮ್ ಜರ್ಗನ್ಸ್ ಅವರನ್ನು ತೆಗೆದುಕೊಂಡರು. ಮೊದಲ ವರ್ಷ ಹೆಚ್ಚಾಗಿ ಬೆಂಚು. ಎರಡನೇ ವರ್ಷ ಕೆಲ್ಸಿ ಪಕ್ಕದಲ್ಲೇ ಗಾರ್ಡ್. 2024ರಲ್ಲಿ ಕೆಲ್ಸಿ ನಿವೃತ್ತರಾದಾಗ ಜರ್ಗನ್ಸ್ ಒಂದು ಹೆಜ್ಜೆ ಪಕ್ಕಕ್ಕೆ ಸರಿದರು, ಅಷ್ಟೇ. ಆಸ್ಟ್ರೇಲಿಯಾದ ರಗ್ಬಿ ಆಟಗಾರ ಜಾರ್ಡನ್ ಮೈಲಾಟಾ 2018ರಲ್ಲಿ ಏಳನೇ ಸುತ್ತಿನಲ್ಲಿ ಬಂದಾಗ ಈ ಆಟವನ್ನೇ ಆಡಿದವರಲ್ಲ. ಲೈನ್ ಕೋಚ್ ಜೆಫ್ ಸ್ಟೌಟ್‌ಲ್ಯಾಂಡ್ ತಾಳ್ಮೆಯಿಂದ ಕಲಿಸಿದರು. 2020ರಲ್ಲಿ ಅವರು ಎಡ ಟ್ಯಾಕಲ್ ಆದರು.

2025ರ ಫೆಬ್ರವರಿಯಲ್ಲಿ ಇವೇ ಎರಡು ತಂಡಗಳು ಮತ್ತೆ ಸೂಪರ್ ಬೌಲ್‌ನಲ್ಲಿ ಎದುರಾದವು. ಚೀಫ್ಸ್‌ಗೆ ಒಳ್ಳೆಯ ಎಡ ಟ್ಯಾಕಲ್ ಸಿಕ್ಕಿರಲಿಲ್ಲ, ಗಾರ್ಡ್ ಥೂನಿಯನ್ನೇ ಅಲ್ಲಿ ನಿಲ್ಲಿಸಿದ್ದರು. ಮಹೋಮ್ಸ್ 6 ಸಲ ಸ್ಯಾಕ್ ಆದರು, ಈಗಲ್ಸ್ 40-22ರಿಂದ ಗೆದ್ದಿತು. ಮತ್ತೆ ಅದೇ ಪಾಡು, ಮತ್ತೆ ಅದೇ ಜಾಗದಲ್ಲಿ. ಎರಡು ತಿಂಗಳ ನಂತರ ಚೀಫ್ಸ್ ತಮ್ಮ ಮೊದಲ ಸುತ್ತಿನ ಆಯ್ಕೆಯನ್ನು ಜಾಶ್ ಸಿಮನ್ಸ್ ಎಂಬ ಎಡ ಟ್ಯಾಕಲ್‌ಗೆ ಬಳಸಿತು.

ಆದ್ದರಿಂದ ನಿಮ್ಮ ತಂಡದ ಸ್ಥಿತಿ ತಿಳಿಯಬೇಕಾದರೆ ಮೈದಾನದಲ್ಲಿರುವ ಐವರನ್ನಷ್ಟೇ ನೋಡಬೇಡಿ, ಬೆಂಚಿನಲ್ಲಿ ಆರನೆಯವನು, ಏಳನೆಯವನು ಯಾರು ಅಂತ ನೋಡಿ. ಈಗಲ್ಸ್‌ಗೂ ಈ ಚಿಂತೆ ತಪ್ಪಿದ್ದಲ್ಲ. ಬಲ ಟ್ಯಾಕಲ್ ಲೇನ್ ಜಾನ್ಸನ್ 2013ರ ಡ್ರಾಫ್ಟಿನಲ್ಲಿ ನಾಲ್ಕನೇ ಆಯ್ಕೆ. ಅದೇ ಡ್ರಾಫ್ಟಿನ ಮೊದಲ ಆಯ್ಕೆ ಎರಿಕ್ ಫಿಶರ್.