40 ದಾಟಿದ ಮೇಲೆ ಹೊಸ ಮಚ್ಚೆ ಬಂದರೆ ತೋರಿಸಬೇಕಾ?

ಪ್ರಶ್ನೆ: ನನಗೆ 43 ವರ್ಷ. ಒಂದೆರಡು ವರ್ಷದಿಂದ ಕೆನ್ನೆ, ಕುತ್ತಿಗೆ ಮೇಲೆ ಚಿಕ್ಕ ಚಿಕ್ಕ ಕಪ್ಪು ಮಚ್ಚೆಗಳು ಏಳುತ್ತಿವೆ. ಅಂಗಾಲಿನಲ್ಲೂ ಒಂದಿದೆ, ಯಾವಾಗಿನಿಂದ ಇದೆಯೋ ಗೊತ್ತಿಲ್ಲ. "ಕಾಲಲ್ಲಿ ಮಚ್ಚೆ ಇದ್ರೆ ತಿರುಗಾಟ ಜಾಸ್ತಿ, ಒಳ್ಳೇದೇ ಬಿಡು" ಅಂತಾರೆ ಅತ್ತೆ. ಮಚ್ಚೆ ಯಾಕೆ ಬರುತ್ತೆ? ಡಾಕ್ಟರಿಗೆ ತೋರಿಸಬೇಕಾ?

ಉತ್ತರ: ಅಂಗಾಲಿನದನ್ನು ತೋರಿಸಿ. ಮುಖದ ಮೇಲಿನವು ಬಹುಶಃ ಮಚ್ಚೆಗಳೇ ಅಲ್ಲ.

ಮೊದಲು ಮಚ್ಚೆಯ ವಿಷಯ. ನಮ್ಮ ಚರ್ಮಕ್ಕೆ ಬಣ್ಣ ಕೊಡುವ ಜೀವಕೋಶಗಳಿಗೆ ಮೆಲನೊಸೈಟ್ ಅಂತ ಹೆಸರು. ಸಾಮಾನ್ಯವಾಗಿ ಇವು ಚರ್ಮದಲ್ಲಿ ಅಲ್ಲೊಂದು ಇಲ್ಲೊಂದು ಬಿಡಿಬಿಡಿಯಾಗಿ ಇರುತ್ತವೆ. ಯಾವುದೋ ಒಂದು ಕೋಶದ ಜೀನ್‌ನಲ್ಲಿ ಸಣ್ಣ ಎಡವಟ್ಟಾಗುತ್ತದೆ. ಹೆಚ್ಚಿನ ಮಚ್ಚೆಗಳಲ್ಲಿ ಅದು ಬಿಆರ್‌ಎಎಫ್ ಎಂಬ ಜೀನ್. ಆ ಕೋಶ ಒಂದು ಎರಡಾಗಿ, ಎರಡು ನಾಲ್ಕಾಗಿ ಒಂದೇ ಕಡೆ ಗುಂಪು ಕಟ್ಟುತ್ತದೆ. ಸ್ವಲ್ಪ ದಿನ ಬೆಳೆದು ತಾನೇ ನಿಂತುಬಿಡುತ್ತದೆ. ಹಾಗೆ ಬ್ರೇಕ್ ಬಿದ್ದು ನಿಂತ ಗುಂಪೇ ಮಚ್ಚೆ. ಬ್ರೇಕ್ ಬೀಳದೆ ಬೆಳೆಯುತ್ತಲೇ ಹೋದರೆ ಅದು ಮೆಲನೋಮ ಎಂಬ ಕ್ಯಾನ್ಸರ್. ಹಾಗಂತ ಮೈಮೇಲಿನ ಮಚ್ಚೆಗಳನ್ನೆಲ್ಲ ಅನುಮಾನದಿಂದ ನೋಡಬೇಕಿಲ್ಲ. ಸಾಮಾನ್ಯ ಮಚ್ಚೆಯೊಂದು ಹಾಗೆ ತಿರುಗುವುದು ಬಹಳ ಅಪರೂಪ.

ನೂರರಲ್ಲಿ ಸುಮಾರು ಒಂದು ಮಗು ಮಚ್ಚೆ ಹೊತ್ತುಕೊಂಡೇ ಹುಟ್ಟುತ್ತದೆ. ಉಳಿದ ಮಚ್ಚೆಗಳು ಬಾಲ್ಯದಿಂದ ಮೂವತ್ತರ ಆಸುಪಾಸಿನವರೆಗೆ ಬರುತ್ತವೆ. ಮನೆತನದ ಗುಣ, ಬಿಸಿಲು ಎರಡೂ ಇದಕ್ಕೆ ಕಾರಣ. ಆಮೇಲೆ ಅವೂ ನಮ್ಮ ಜೊತೆ ವಯಸ್ಸಾಗುತ್ತವೆ. ಹತ್ತನೇ ಕ್ಲಾಸಿನ ಫಾರ್ಮ್ ತುಂಬುವಾಗ ನಮ್ಮ ಮೇಷ್ಟ್ರು ನನ್ನ ಮೊಣಕೈ ತಿರುಗಿಸಿ ನೋಡಿ, "ಹಾಂ, ಕಪ್ಪು ಮಚ್ಚೆ, ಬರ್ಕೋ" ಅಂದಿದ್ದರು. ಇವತ್ತು ಅದು ಉಬ್ಬಿ, ಚರ್ಮದ ಬಣ್ಣಕ್ಕೇ ತಿರುಗಿ, ಮಧ್ಯೆ ಒಂದು ಕೂದಲು ಬಿಟ್ಟುಕೊಂಡು ಕೂತಿದೆ. ಗುರುತಿನ ಚಿಹ್ನೆಗೇ ಗುರುತು ಸಿಗದ ಹಾಗಾಗಿದೆ! ಹೀಗೆ ಹತ್ತಾರು ವರ್ಷ ಹಿಡಿದು ನಿಧಾನವಾಗಿ ಬದಲಾದರೆ ಚಿಂತೆಯಿಲ್ಲ. ಕೆಲವೇ ತಿಂಗಳಲ್ಲಿ ಬದಲಾದರೆ ತೋರಿಸಬೇಕು. 40 ದಾಟಿದ ಮೇಲೆ ಹೊಸದಾಗಿ ಬಂದದ್ದನ್ನೂ ಅಷ್ಟೇ, ಒಮ್ಮೆ ತೋರಿಸಿಬಿಡಿ. ಮೆಲನೋಮಗಳಲ್ಲಿ ಹೆಚ್ಚಿನವು ಹಳೇ ಮಚ್ಚೆಯಿಂದಲ್ಲ, ಹೊಸದಾಗಿಯೇ ಶುರುವಾಗುತ್ತವೆ.

ಈಗ ನಿಮ್ಮ ಕೆನ್ನೆ. ಸಾಸಿವೆ ಕಾಳಿನಷ್ಟು ಕಪ್ಪು ಗುಳ್ಳೆಗಳು ಕೆನ್ನೆ ಮೇಲೆ, ಕಣ್ಣಿನ ಸುತ್ತ ಎದ್ದಿದ್ದು, ನಿಮ್ಮ ತಾಯಿಗೂ ಹಾಗೇ ಇದ್ದರೆ ಅದು ಕಂದು, ಕಪ್ಪು ಚರ್ಮದವರಲ್ಲಿ ತೀರಾ ಮಾಮೂಲಿ. ಅದರಿಂದ ಏನೂ ಆಗುವುದಿಲ್ಲ. ಕುತ್ತಿಗೆ ಮೇಲೆ ತೊಟ್ಟಿನ ಹಾಗೆ ಜೋತಾಡುತ್ತಿದ್ದರೆ ಅದೂ ಮಚ್ಚೆಯಲ್ಲ. ಕ್ಯಾನ್ಸರ್ ಭಯವೂ ಬೇಡ. ಆದರೆ ಅಂಥವು ಜಾಸ್ತಿ ಇದ್ದು, ಹೊಟ್ಟೆಯೂ ಬಂದಿದ್ದರೆ ಒಮ್ಮೆ ಶುಗರ್ ಟೆಸ್ಟ್ ಮಾಡಿಸಿ. ಮುಖದ ಮೇಲೆ ನಾನು ಹೆದರುವುದು ಒಂದಕ್ಕೆ: ಹೊಳೆಯುವ ಕಪ್ಪು ಗಂಟು, ಆಗಾಗ ರಕ್ತ ಬಂದು, ಹಕ್ಕಳೆ ಕಟ್ಟಿ, ವಾಸಿಯಾಯಿತು ಅನ್ನುವಾಗ ಮತ್ತೆ ರಕ್ತ ಬರುವಂಥದ್ದು. ಅದು ಬೇರೊಂದು ಬಗೆಯ ಚರ್ಮದ ಕ್ಯಾನ್ಸರ್ ಇರಬಹುದು.

ಇನ್ನು ಅಂಗಾಲು. ಭಾರತೀಯರಲ್ಲಿ ಮೆಲನೋಮ ಕಮ್ಮಿ. ಆದರೆ ಬಂದಾಗ ಅದು ಹೆಚ್ಚಾಗಿ ಬಿಸಿಲೇ ಬೀಳದ ಜಾಗದಲ್ಲಿ ಬರುತ್ತದೆ: ಅಂಗಾಲು, ಅಂಗೈ, ಉಗುರಿನ ಕೆಳಗೆ. ಜಮೈಕಾದ ಗಾಯಕ ಬಾಬ್ ಮಾರ್ಲಿಯ ಕಾಲ್ಬೆರಳ ಉಗುರಿನ ಕೆಳಗೆ 1977ರಲ್ಲಿ ಪತ್ತೆಯಾದದ್ದು ಇದೇ. 1981ರಲ್ಲಿ ತೀರಿಕೊಂಡಾಗ ಆತನಿಗೆ ಬರೀ 36 ವರ್ಷ. ನಮ್ಮಲ್ಲಿ ಅಂಗಾಲಲ್ಲಿ ಕಪ್ಪಾಗಿದ್ದರೆ ಮುಳ್ಳು ಚುಚ್ಚಿರಬೇಕು, ಚಪ್ಪಲಿ ಕಚ್ಚಿರಬೇಕು ಅಂದುಕೊಂಡು ಸುಮ್ಮನಾಗುತ್ತೇವೆ ಅಲ್ವಾ? ಅಂಗಾಲಿನ ಮಚ್ಚೆಗಳಲ್ಲೂ ಹೆಚ್ಚಿನವು ನಿರಪಾಯವೇ. ಆದರೆ ಬರಿಗಣ್ಣಿಗೆ ವ್ಯತ್ಯಾಸ ತಿಳಿಯುವುದು ಕಷ್ಟ. ಚರ್ಮದ ಡಾಕ್ಟರು ಡರ್ಮೋಸ್ಕೋಪ್ ಎಂಬ ಬೆಳಕಿನ ಭೂತಗನ್ನಡಿ ಇಟ್ಟು, ಅಂಗಾಲಿನ ಗೆರೆಗಳಲ್ಲಿ ಬಣ್ಣ ದಿಣ್ಣೆಯ ಮೇಲಿದೆಯೋ ಸಾಲಿನೊಳಗಿದೆಯೋ ನೋಡುತ್ತಾರೆ. ಸಾಲಿನೊಳಗಿದ್ದರೆ ಸಾಮಾನ್ಯವಾಗಿ ಭಯವಿಲ್ಲ.

ಉಗುರಿನದು ಇನ್ನೊಂದು ಕಥೆ. ಹಲವು ಉಗುರುಗಳಲ್ಲಿ ತೆಳ್ಳಗೆ ಕಂದು ಗೆರೆ ಇದ್ದರೆ ನಮ್ಮ ಬಣ್ಣದವರಿಗೆ ಅದು ಸಹಜ. ಒಂದೇ ಉಗುರಲ್ಲಿ ಗೆರೆ ಬಂದು, ಅಗಲವಾಗುತ್ತಾ, ಕಪ್ಪು ಪಕ್ಕದ ಚರ್ಮಕ್ಕೂ ಹರಡಿದರೆ ತಡ ಮಾಡಬೇಡಿ. ಏಟು ಬಿದ್ದು ರಕ್ತ ಹೆಪ್ಪುಗಟ್ಟಿದ್ದಾದರೆ ಉಗುರು ಬೆಳೆದಂತೆ ಆ ಕಲೆ ತುದಿಯ ಕಡೆಗೆ ಸರಿಯುತ್ತದೆ.

ಉಳಿದ ಜಾಗದ ಮಚ್ಚೆಗಳಿಗೆ 1985ರಲ್ಲಿ ನ್ಯೂಯಾರ್ಕಿನ ಡಾಕ್ಟರುಗಳು ಕೊಟ್ಟ ಅಳತೆ ಈಗಲೂ ನಡೆಯುತ್ತದೆ. ಒಂದು ಅರ್ಧದ ಹಾಗೆ ಇನ್ನೊಂದು ಅರ್ಧ ಇಲ್ಲದಿರುವುದು, ಅಂಚು ಹರಿದಂತಿರುವುದು, ಎರಡು ಮೂರು ಬಣ್ಣ, 6 ಮಿಲಿಮೀಟರ್‌ಗಿಂತ ದೊಡ್ಡದು, ಅಂದರೆ ಪೆನ್ಸಿಲ್ ಹಿಂದಿನ ರಬ್ಬರಿಗಿಂತ ಅಗಲ. ಬದಲಾಗುತ್ತಿದೆಯೇ ಅನ್ನುವುದನ್ನು ಆಮೇಲೆ ಸೇರಿಸಿದರು, ನನ್ನ ಕೇಳಿದರೆ ಅದೇ ಮೊದಲು ಬರಬೇಕಿತ್ತು. ಮೈಮೇಲಿನ ಮಚ್ಚೆಗಳೆಲ್ಲ ಒಂದೇ ಮನೆಯವರಂತಿದ್ದು, ಒಂದು ಮಾತ್ರ ಬೇರೆ ಮನೆಯದು ಅನ್ನಿಸಿದರೆ ಅದನ್ನೂ ತೋರಿಸಿ.

ದಯವಿಟ್ಟು ಸುಣ್ಣ, ಸೋಡಾ ಹಚ್ಚಿ ಸುಡಬೇಡಿ. ಪಾರ್ಲರಿನಲ್ಲೂ ಸುಡಿಸಬೇಡಿ. ಸುಟ್ಟರೆ ಅಲ್ಲಿ ಏನಿತ್ತು ಅಂತ ಪರೀಕ್ಷಿಸಲು ಏನೂ ಉಳಿಯುವುದಿಲ್ಲ. ಅನುಮಾನವಿದ್ದರೆ ಡಾಕ್ಟರು ಪೂರ್ತಿ ಕತ್ತರಿಸಿ ಲ್ಯಾಬಿಗೆ ಕಳಿಸುತ್ತಾರೆ. "ಚಾಕು ತಾಗಿದರೆ ಹರಡುತ್ತೆ" ಅನ್ನುವುದು ಸುಳ್ಳು.

ಹೋಗುವ ದಿನ ನೇಲ್ ಪಾಲಿಶ್, ಮೆಹಂದಿ ಬೇಡ. "ಅಂಗಾಲು ನೋಡಿ" ಅಂತ ನೀವೇ ಬಾಯಿಬಿಟ್ಟು ಹೇಳಿ. ಕೆನ್ನೆ ತೋರಿಸಲು ಬಂದವರ ಚಪ್ಪಲಿ ಬಿಚ್ಚಿಸಿ ನೋಡುವವರು ಕಮ್ಮಿ.