ಲ್ಯಾಂಡಿಂಗ್ ಲೈಟ್ ಎಲ್‌ಇಡಿ ಮಾಡುವಾಗ ಬರೋ ಆಂಪ್ಸ್ ಲೆಕ್ಕ

ಹಳೇ 14 ವೋಲ್ಟ್ ಸೆಸ್ನಾ 172 ಅನ್ನೋ ಪುಟ್ಟ ವಿಮಾನದಲ್ಲಿ ಲ್ಯಾಂಡಿಂಗ್ ಲೈಟಾಗಿ ಸಾಮಾನ್ಯವಾಗಿ ಸಿಗೋದು 4509 ನಂಬರಿನ ಸೀಲ್ಡ್ ಬೀಮ್ (ಗಾಜು, ಕನ್ನಡಿ, ಫಿಲಮೆಂಟ್ ಎಲ್ಲಾ ಒಂದೇ ತುಂಡಾಗಿರೋ ಬಲ್ಬ್), ಪಾರ್ 36 ಸೈಜು, 13 ವೋಲ್ಟ್ 100 ವ್ಯಾಟ್. ಆಯಸ್ಸು ಬರೀ 25 ಗಂಟೆ ಲೆಕ್ಕ, ಕೌಲಿಂಗ್‌ನಲ್ಲಿ, ಅಂದ್ರೆ ಇಂಜಿನ್ ಮುಚ್ಚಳದಲ್ಲಿ ಇದ್ರೆ ಇಂಜಿನ್ ನಡುಕಕ್ಕೆ ಫಿಲಮೆಂಟ್ ಇನ್ನೂ ಬೇಗ ತುಂಡಾಗತ್ತೆ. ಎಲ್‌ಇಡಿ ಯಾಕೆ ಅನ್ನೋದು ಇಷ್ಟರಲ್ಲೇ ಗೊತ್ತಾಯ್ತು, ಬಿಡಿ.

ನನ್ನ ತಲೆ ತಿಂದಿದ್ದು ಕರೆಂಟ್ ಲೆಕ್ಕ. ವ್ಯಾಟ್ ಭಾಗಿಸು ವೋಲ್ಟ್ ಅಂದ್ರೆ ಆಂಪ್ಸ್, ಸರಿ, ಹಳೇ ಬಲ್ಬಿಗೆ 100÷13, ಸುಮಾರು 7.7. ಎಲ್‌ಇಡಿ 45 ವ್ಯಾಟ್ ಅಂತ ಇಟ್ಕೊಳ್ಳಿ, 14 ವೋಲ್ಟಿಗೆ 3.2. ಈಗ ಕರೆಂಟ್ ಮಾಡೋ ಆಲ್ಟರ್ನೇಟರ್ ಕೈಕೊಡ್ತು, ಬ್ಯಾಟರಿ ಇಳೀತಾ 11 ವೋಲ್ಟಿಗೆ ಬಂತು. ವೋಲ್ಟ್ ಇಳಿದ್ರೆ ಆಂಪ್ಸೂ ಇಳೀಬೇಕಲ್ವಾ? ಫಿಲಮೆಂಟಲ್ಲಿ ಹೌದು, ಎಲ್‌ಇಡೀಲಿ ಉಲ್ಟಾ, 45÷11 ಅಂದ್ರೆ 4.1ಕ್ಕೆ ಏರತ್ತೆ! ಯಾಕಂದ್ರೆ ಒಳಗಿರೋ ಡ್ರೈವರ್ (ಎಲ್‌ಇಡಿಗೆ ಕರೆಂಟ್ ಹದ ಮಾಡಿ ಕೊಡೋ ಸರ್ಕಿಟ್) ಬೆಳಕು ಕಮ್ಮಿ ಆಗೋಕೆ ಬಿಡಲ್ಲ, ವೋಲ್ಟ್ ಕಮ್ಮಿ ಸಿಕ್ಕಷ್ಟೂ ಆಂಪ್ಸ್ ಜಾಸ್ತಿ ಎಳ್ಕೊಂಡು ವ್ಯಾಟ್ ಅಷ್ಟೇ ಇಟ್ಕೊಳ್ಳತ್ತೆ. ಮಳೆಗಾಲದಲ್ಲಿ ತೀರ್ಥಹಳ್ಳಿ ಕಡೆ ಲೋ ವೋಲ್ಟೇಜ್ ಬಂದಾಗ ನೋಡಿ, ಹಳೇ ಬಲ್ಬ್ ಕೆಂಡದ ಥರ ಮಂಕಾಗಿರತ್ತೆ, ಒಳ್ಳೆ ಡ್ರೈವರ್ ಇರೋ ಎಲ್‌ಇಡಿ ಬಲ್ಬಿಗೆ ಏನೂ ಆಗಿರಲ್ಲ. ಅದೇ ಕಾರಣಕ್ಕೆ ಆ 45 ವ್ಯಾಟ್ ಲೈಟು ಎರಡೂ ವೋಲ್ಟಿಗೆ ಹೊಂದೋದಾಗಿದ್ದು, 28 ವೋಲ್ಟ್ ವಿಮಾನಕ್ಕೆ ಹಾಕಿದ್ರೆ 1.6 ಆಂಪ್ಸ್ ಸಾಕು. ಹಾಗಾಗಿ ಎಲ್‌ಇಡಿಯ ಲೋಡ್ ಲೆಕ್ಕ (ಎಷ್ಟು ಕರೆಂಟ್ ಎಳೆಯತ್ತೆ ಅನ್ನೋ ಲೆಕ್ಕ) ಬರೆಯುವಾಗ ಅತಿ ಕಮ್ಮಿ ವೋಲ್ಟೇಜ್ ಹಿಡಿದು ಭಾಗಿಸಿ, ಪರೀಕ್ಷೇಲಿ ಇದೊಂದೇ ಸಾಲು ಉಳಿಸತ್ತೆ.

ಆಂಪ್ಸ್ ಅರ್ಧ ಆಯ್ತು, ಸರ್ಕಿಟ್ ಬ್ರೇಕರ್ರೂ ಚಿಕ್ಕದು ಮಾಡ್ಬೇಕಾ? ಬೇಡ. ಬ್ರೇಕರ್ ಕಾಯೋದು ವೈರನ್ನ, ಲೈಟನ್ನಲ್ಲ. ವೈರ್ ಅದೇ ಇದ್ಮೇಲೆ ಬ್ರೇಕರ್ರೂ ಅದೇ.

ಉಳಿದದ್ದು ಸಣ್ಣಪುಟ್ಟ. ಫಿಲಮೆಂಟಿಗೆ ಪ್ಲಸ್ ಮೈನಸ್ ಇಲ್ಲ, ಎಲ್‌ಇಡಿಗೆ ಇದೆ. ಎಲ್‌ಇಡಿ ಬಿಸಿ ಹಿಂದಕ್ಕೆ ಹೋಗತ್ತೆ, ಹೀಟ್ ಸಿಂಕಿಗೆ ಹಿಂದ್ಗಡೆ ಜಾಗ ಇದೆಯಾ ನೋಡಿ. ಬಾಕ್ಸ್ ಮೇಲೆ ಏರ್‌ಕ್ರಾಫ್ಟ್ ಅಂತ ಬರೆದಿದ್ರೆ ಸಾಲಲ್ಲ, ನಮ್ಮ ಮಾಡೆಲ್‌ಗೆ ಅಪ್ರೂವಲ್ ಇರ್ಬೇಕು, ಲಾಗ್‌ಬುಕ್ ಎಂಟ್ರಿ ಆಗ್ಬೇಕು.

ಇಂಡಿಯಾದಲ್ಲಿ ವಿಎಫ್‌ಆರ್‌ನಲ್ಲಿ (ಕಣ್ಣಲ್ಲಿ ಹೊರಗೆ ನೋಡ್ಕೊಂಡು ಹಾರೋ ನಿಯಮ) ಸಾಮಾನ್ಯವಾಗಿ ರಾತ್ರಿ ಹಾರೋ ಹಾಗಿಲ್ಲ, ಮತ್ತೆ ಇಷ್ಟೆಲ್ಲಾ ಯಾಕೆ ಅಂತ ಕ್ಲಾಸಲ್ಲಿ ಒಬ್ಬರು ಕೇಳಿದ್ರು. ಬೇರೆ ವಿಮಾನದವ್ರಿಗೆ ಕಾಣೋಕೆ! ಶಿವಮೊಗ್ಗ ವಿಮಾನ ನಿಲ್ದಾಣ ಇರೋ ಸೋಗಾನೆ ಕಡೆ ಜುಲೈಲಿ ಮಧ್ಯಾಹ್ನವೇ ಕತ್ತಲೆ ಕವಿಯತ್ತೆ. 25 ಗಂಟೆ ಬಲ್ಬನ್ನ ಲ್ಯಾಂಡಿಂಗ್‌ಗೆ ಅಂತ ಜೋಪಾನ ಮಾಡ್ಬೇಕು, ಎಲ್‌ಇಡಿಯನ್ನ ಟೇಕಾಫಿಂದ ಇಳಿಯೋವರೆಗೂ ಉರಿಸ್ಬಹುದು.

ಹಾಂ, ರೇಡಿಯೋ. ಡ್ರೈವರ್ ಸ್ವಿಚಿಂಗ್ ಗಲಾಟೆ 118ರಿಂದ 137 ಮೆಗಾಹರ್ಟ್ಜ್ ಕಾಮ್ ರೇಡಿಯೋಗೆ (ಪೈಲಟ್ ಮಾತಾಡೋ ರೇಡಿಯೋ) ನುಗ್ಗಬಹುದು. ನೆಲದ ಮೇಲೇ ಸ್ಕ್ವೆಲ್ಚ್ (ಮಾತಿಲ್ಲದಾಗ ಗೊರಗೊರ ಸದ್ದು ಅಡಗಿಸೋ ವ್ಯವಸ್ಥೆ) ತೆಗೆದು ಲೈಟ್ ಆನ್ ಆಫ್ ಮಾಡಿ ಕೇಳಿ, ಗುಂಯ್ ಅಂತ ಬಂದ್ರೆ ಮೊದಲು ಗ್ರೌಂಡ್ ವೈರ್ ಕನೆಕ್ಷನ್ ಚೆಕ್ ಮಾಡಿ.