ನೆಲದ ಮೇಲೆಯೇ ಸಿಡಿದ ರಾಕೆಟ್: ತನಿಖೆ ಯಾರದು?

ಓದುಗರ ಪ್ರಶ್ನೆ: ಪರೀಕ್ಷೆಯ ವೇಳೆ ರಾಕೆಟ್ ಸ್ಫೋಟಿಸಿದರೆ ಅದನ್ನು ಕಟ್ಟಿದ ಕಂಪನಿಯೇ ತನಿಖೆ ನಡೆಸುತ್ತದಂತೆ. ಹಾಗಾದರೆ ಸರಕಾರಕ್ಕೇನು ಕೆಲಸ?

ಅಮೆರಿಕದ ಮಟ್ಟಿಗೆ ನೀವು ಕೇಳಿದ್ದು ನಿಜ. ತನಿಖೆಯ ಮುಂದಾಳತ್ವ ಕಂಪನಿಯದೇ. ಆದರೆ ಮತ್ತೆ ಹಾರಲು ಬೇಕಾದ ಪರವಾನಗಿ ಕೊಡುವುದು ಅಲ್ಲಿನ ವಿಮಾನಯಾನ ನಿಯಂತ್ರಣ ಸಂಸ್ಥೆ ಎಫ್‌ಎಎ. 2016ರಲ್ಲಿ ಏನಾಯಿತು ನೋಡಿ.

ಆ ವರ್ಷ ಸೆಪ್ಟೆಂಬರ್ 1ರ ಬೆಳಿಗ್ಗೆ ಫ್ಲಾರಿಡಾದ ಕೇಪ್ ಕೆನವೆರಲ್‌ನಲ್ಲಿ ಸ್ಪೇಸ್‌ಎಕ್ಸ್‌ನ ಫಾಲ್ಕನ್ 9 ರಾಕೆಟ್‌ಗೆ ಇಂಧನ ತುಂಬುತ್ತಿದ್ದರು. ರಾಕೆಟನ್ನು ನೆಲಕ್ಕೆ ಬಿಗಿದಿಟ್ಟು ಎಂಜಿನ್‌ಗಳನ್ನು ಕೆಲವೇ ಸೆಕೆಂಡು ಉರಿಸಿ ನೋಡುವ ಪರೀಕ್ಷೆ ಅದು. ಉರಿಸಲು ಇನ್ನೂ ಸುಮಾರು 8 ನಿಮಿಷ ಇರುವಾಗಲೇ ಮೇಲಿನ ಹಂತ ಸಿಡಿಯಿತು. ತುದಿಯಲ್ಲಿದ್ದ ಇಸ್ರೇಲ್‌ನ ಆಮೋಸ್-6 ಉಪಗ್ರಹ ಬೆಂಕಿಯೊಳಗೆ ಕುಸಿದು ಬಿತ್ತು. ಇಂಧನ ತುಂಬುವಾಗ ಹತ್ತಿರ ಯಾರನ್ನೂ ಬಿಡುವುದಿಲ್ಲವಾದ್ದರಿಂದ ಜೀವಹಾನಿ ಆಗಲಿಲ್ಲ.

ಮೊದಲ ಏರುಪೇರಿನಿಂದ ಮೇಲಿನ ಹಂತ ನಾಶವಾಗುವವರೆಗೆ ಸಿಕ್ಕಿದ್ದು 93 ಮಿಲಿಸೆಕೆಂಡು, ರೆಪ್ಪೆ ಬಡಿಯುವಷ್ಟೂ ಹೊತ್ತಲ್ಲ. ಅಷ್ಟರಲ್ಲಿ ದಾಖಲಾದ ವಿಡಿಯೋ ಮತ್ತು ರಾಕೆಟ್ ಅಳತೆಗಳ 3,000ಕ್ಕೂ ಹೆಚ್ಚು ಚಾನೆಲ್‌ಗಳ ಮಾಹಿತಿಯನ್ನು ತಿಂಗಳುಗಟ್ಟಲೆ ಜಾಲಾಡಿದರು. ದ್ರವ ಆಮ್ಲಜನಕದ ಟ್ಯಾಂಕಿನೊಳಗೆ ಹೀಲಿಯಂ ತುಂಬಿದ ಸಿಲಿಂಡರ್‌ಗಳು ಮುಳುಗಿರುತ್ತವೆ. ಅವುಗಳ ಒಳಪದರ ಅಲ್ಯೂಮಿನಿಯಂ, ಹೊರಗೆ ಬಿಗಿಯಾಗಿ ಸುತ್ತಿದ ಕಾರ್ಬನ್ ನಾರು. ಅಲ್ಯೂಮಿನಿಯಂ ಎಲ್ಲಿ ಡೊಂಕಾಗಿತ್ತೋ ಅಲ್ಲಿ ನಾರಿನಡಿ ಸಂದು ಬಿಟ್ಟು, ಆಮ್ಲಜನಕ ಒಳನುಗ್ಗಿ ನಿಂತಿತು. ಹೀಲಿಯಂ ಎಷ್ಟು ತಣ್ಣಗಿತ್ತೆಂದರೆ ಆ ಆಮ್ಲಜನಕ ಗಟ್ಟಿಯಾಗುವ ಸಾಧ್ಯತೆಯೂ ಇತ್ತು. ಒತ್ತಡ ಏರಿದಾಗ ನಾರು ಮುರಿದೋ ಉಜ್ಜಿದೋ ಕಿಡಿ ಹತ್ತಿರಬೇಕು ಎಂದು ತನಿಖೆ ತೀರ್ಮಾನಿಸಿತು.

ತಂಡದಲ್ಲಿ ಎಫ್‌ಎಎ, ನಾಸಾ, ವಾಯುಪಡೆಯವರೂ ಇದ್ದರು. ವರದಿಯನ್ನು ಎಫ್‌ಎಎ ಒಪ್ಪಿ, 2017ರ ಜನವರಿ 6ರಂದು ಪರವಾನಗಿ ಕೊಟ್ಟಿತು. ಜನವರಿ 14ರಂದು ಕ್ಯಾಲಿಫೋರ್ನಿಯಾದ ವಾಂಡೆನ್‌ಬರ್ಗ್‌ನಿಂದ ಫಾಲ್ಕನ್ ಮತ್ತೆ ಹಾರಿತು. ಸುಟ್ಟ ಉಡಾವಣಾ ವೇದಿಕೆ ಬಳಕೆಗೆ ಬಂದದ್ದು ಡಿಸೆಂಬರ್‌ನಲ್ಲಿ.

ಕಂಪನಿಯೇ ತನಿಖೆ ನಡೆಸುವುದು ನನಗೆ ತಪ್ಪೆನಿಸುವುದಿಲ್ಲ. ಆ ಸಿಲಿಂಡರನ್ನು ಒಳಹೊರಗೆ ಬಲ್ಲವರು ಕಟ್ಟಿದವರೇ. ನಾವು ಮರೆಯಬಾರದ ಸಂಗತಿ ಬೇರೆ: ಎಫ್‌ಎಎ ಕಾಯುವುದು ಸಾರ್ವಜನಿಕರ ಸುರಕ್ಷತೆಯನ್ನು. ಗ್ರಾಹಕನ ಉಪಗ್ರಹ ಉಳಿಯಿತೇ ಎಂಬುದು ಅದರ ಹೊಣೆಯಲ್ಲ. ವೇಳೆ ಉಳಿಸಲು ಪರೀಕ್ಷೆಗೆ ಮುನ್ನವೇ ಉಪಗ್ರಹವನ್ನು ಮೇಲೇರಿಸಿ ಇಟ್ಟದ್ದು ಕಂಪನಿ ಮತ್ತು ಗ್ರಾಹಕರ ನಡುವಿನ ನಿರ್ಧಾರ. ವಾಂಡೆನ್‌ಬರ್ಗ್‌ನ ಪರೀಕ್ಷೆಯ ಹೊತ್ತಿಗೆ ಅದೂ ಬದಲಾಗಿತ್ತು. ಎಂಜಿನ್ ಉರಿಸುವಾಗ, ಆ ಬಾರಿ ಹಾರಬೇಕಿದ್ದ ಇರಿಡಿಯಂ ಕಂಪನಿಯ 10 ಉಪಗ್ರಹಗಳು ರಾಕೆಟ್ ಮೇಲೆ ಇರಲಿಲ್ಲ.